ಗೀತಕ್ಕನ ಲೋಕಲ್ ಗಾರ್ಡಿಯನ್ನಿಗೆ

ಸಡಾ, ಗೋವಾ
ತಾ. ೫ ಜುಲೈ ೨೦೦೩, ಶನಿವಾರ

ಪ್ರೀತಿಯ ಗುರುಲಿಂಗ ಮಾಮಾ,

ಧಾರವಾಡ ನಗರದ ಸುಪ್ರಸಿದ್ಧ ಮೋಟಾರ್ ವೈಂಡಿಂಗ್ ತಜ್ಞರೂ, ನನ್ನ ಅವ್ವನಿಗೆ ಇರುವ ಒಬ್ಬರೇ ಒಬ್ಬ ತಮ್ಮನವರೂ ಆದ ತಮಗೆ ಸೋಮು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಅಂತ ಬರೆದದ್ದು ಬರೇ ಮರ್ಯಾದೆಗೆ. ಮಳೆಗೆ ನಮ್ಮ ನೆಲವೆಲ್ಲ ತೇವ ಹಿಡಿದಿದೆ, ಅಡ್ಡ ಬೀಳುವ ಹಾಗಿಲ್ಲ. ಮೊದಲು ತಮ್ಮ ಆರೋಗ್ಯದ ವಿಚಾರ. ಕಾಮಣಿ ಪೂರಾ ಇಳಿಯಿತೇ? ಕಣ್ಣಿನ ಹಳದಿ ಹೋಯಿತೇ? ಎಣ್ಣೆಯಲ್ಲಿ ಕರಿದದ್ದು ಬಿಟ್ಟಿದ್ದಾನೋ ಇಲ್ಲವೋ, ದಿನಾ ಮಜ್ಜಿಗೆ ಕುಡಿಯುತ್ತಾನೋ ಇಲ್ಲವೋ, ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ತಪ್ಪಿಸುತ್ತಾನೋ ಏನೋ ಎಂದು ಅವ್ವ ಒಂದೇ ಉಸಿರಿಗೆ ಕೇಳುತ್ತಿದ್ದಾಳೆ. ಎಲ್ಲ ಪ್ರಶ್ನೆಗಳಿಗೂ ಚಲೋ ಉತ್ತರವನ್ನು ತಮ್ಮ ಪರವಾಗಿ ನಾನೇ ಕೊಟ್ಟುಬಿಟ್ಟಿದ್ದೇನೆ. ಆದ್ದರಿಂದ ತಾವು ಇವತ್ತಿನಿಂದ ಹಾಗೆಯೇ ನಡೆದುಕೊಳ್ಳತಕ್ಕದ್ದು. ತಾವು ತಾವು ಅಂತ ಬರೆದು ಕೈ ನೋಯಿತು ಮಾಮಾ. ಇನ್ನು ಮುಂದೆ ನೀನು.

ಸುದ್ದಿ ಏನೆಂದರೆ, ಗೀತಕ್ಕನ ಹಾಸ್ಟೆಲ್ ಅರ್ಜಿ ವಾಪಸ್ ಬಂದಿದೆ. ನಿಮ್ಮೂರಿನ ಟೀಚರ್ ಟ್ರೇನಿಂಗ್ ಕಾಲೇಜಿನಲ್ಲಿ ಆಕೆಗೆ ಸೀಟು ಸಿಕ್ಕದ್ದು ನಿನಗೆ ಗೊತ್ತೇ ಇದೆ. ಕನ್ನಡ ಶಾಲೆಯಲ್ಲಿ ಕಲಿಸಬೇಕೆಂದರೆ ಸಡಾದ ಹುಡುಗಿ ಘಟ್ಟ ಹತ್ತಿ ಅಲ್ಲಿಗೇ ಬರಬೇಕು, ಬೇರೆ ದಾರಿ ಇಲ್ಲ. ಕಾಲೇಜಿನವರು ಬಾ ಅಂದರು, ಹಾಸ್ಟೆಲ್ಲಿನವರು ಬೇಡ ಅಂದರು, ಹಾಸ್ಟೆಲ್ ಇಲ್ಲದೆ ಅಪ್ಪ ಕಳಿಸುವುದಿಲ್ಲ. ಇದರಲ್ಲಿ ಹಾಸ್ಟೆಲ್ಲಿನವರ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ನಮ್ಮದೇ, ಮನೆಯಲ್ಲೇ ತಯಾರಾದದ್ದು. ಅರ್ಜಿ ತುಂಬಿಸಲು ಅಪ್ಪ ಬಂದರಿನಲ್ಲಿ ತನ್ನ ಹಮಾಲಿ ಗ್ಯಾಂಗಿನ ಮುಕಾದಮ ಪಾಂಡಪ್ಪನ ಹತ್ತಿರ ಹೋಗಿದ್ದ. ಇಡೀ ಗ್ಯಾಂಗಿನಲ್ಲಿ ಇಂಗ್ಲಿಷ್ ಬರೆಯುವವನು ಅವನೊಬ್ಬನೇ. ಲೋಕಲ್ ಗಾರ್ಡಿಯನ್ ಎಂಬ ಕಾಲಂ ಬಂದಾಗ ಪಾಂಡಪ್ಪ, ಧಾರವಾಡದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದನಂತೆ. ಅಪ್ಪ ಎದೆ ಉಬ್ಬಿಸಿ, "ನಮ್ಮ ಅಳಿಯಾನ ಅದಾನಲ್ಲ" ಅಂದ. ನೀನು ಅವನ ಹೆಂಡತಿಯ ತಮ್ಮ. ಆದರೆ ಗೀತಕ್ಕನನ್ನು ತೊಟ್ಟಿಲಿಗೆ ಹಾಕಿದ ದಿನದಿಂದ ಅಪ್ಪನ ಬಾಯಲ್ಲಿ ನೀನು ಅಳಿಯನೇ. ಪಾಂಡಪ್ಪನಿಗೆ ಅದೆಲ್ಲ ಏನು ಗೊತ್ತು ಪಾಪ? ನಿನ್ನ ಹೆಸರು ಬರೆದು, ಸಂಬಂಧ ಎಂಬಲ್ಲಿ ಸನ್-ಇನ್-ಲಾ ಎಂದು ದುಂಡಗೆ ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದ. ಅಪ್ಪನಿಗೆ ಇರುವುದು ಒಬ್ಬಳೇ ಮಗಳು. ಹಾಸ್ಟೆಲ್ಲಿನವರು ಲೆಕ್ಕ ಹಾಕಿದರು.

ಮೊನ್ನೆ ವಾರ್ಡನ್ ಮೇಡಮ್ಮರ ಪತ್ರ ಬಂತು. ಗೀತಕ್ಕ ಜೋರಾಗಿ ಓದುತ್ತಾ ಓದುತ್ತಾ ನಡುವೆ ನಿಂತುಬಿಟ್ಟಳು, ಉಳಿದದ್ದನ್ನು ನಾನು ಓದಿದೆ. ವಿದ್ಯಾರ್ಥಿನಿಯ ಪತಿ ಇದೇ ಊರಿನಲ್ಲಿ ವಾಸವಾಗಿರುವುದರಿಂದ ವಸತಿಯ ಅಗತ್ಯ ಕಂಡುಬರುವುದಿಲ್ಲ, ಅಲ್ಲದೆ ವಿವಾಹಿತರಿಗೆ ಇಲ್ಲಿ ಪ್ರವೇಶವಿಲ್ಲ. ಕೆಳಗೆ ಮೇಡಮ್ಮರು ತಮ್ಮ ಕೈಯಿಂದಲೇ ಎರಡು ಸಾಲು ಬರೆದಿದ್ದರು. ಮಾಹಿತಿ ತಪ್ಪಿದ್ದಲ್ಲಿ ಗಾರ್ಡಿಯನ್ ಆದವರು ಜುಲೈ ಹದಿನೈದರೊಳಗೆ ಖುದ್ದಾಗಿ ಬಂದು, ತಾವು ಹುಡುಗಿಯ ಸೋದರಮಾವನೆಂದೂ, ಆಕೆಯೊಂದಿಗೆ ತಮಗೆ ಲಗ್ನವಾಗಿಲ್ಲ, ಲಗ್ನದ ಮಾತೂ ಇಲ್ಲವೆಂದೂ ಬರೆದುಕೊಡಬೇಕು. ಇಲ್ಲವಾದರೆ ಜಾಗ ಮುಂದಿನವರಿಗೆ. ಧಾರವಾಡದಲ್ಲಿ ನಮ್ಮವರು ಅಂದರೆ ನೀನೊಬ್ಬನೇ ಮಾಮಾ. ಈಗ ನಿನ್ನ ಬೆಲೆ ನಿನಗೆ ತಿಳಿದಿರಬೇಕು.

ಅರ್ಜಿ ವಾಪಸ್ ಬಂದರೂ ಇಲ್ಲಿನ ತರಬೇತಿ ಒಂದು ದಿನವೂ ನಿಂತಿಲ್ಲ. ಹೇಳುವುದು ಮರೆತೆ, ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಸಡಾ ಹಾಸ್ಟೆಲ್ ಪೂರ್ವಸಿದ್ಧತಾ ವಿದ್ಯಾಲಯ ನಡೆಯುತ್ತಿದೆ. ಪ್ರಾಂಶುಪಾಲ, ವಾರ್ಡನ್, ಸೀನಿಯರ್ ವಿದ್ಯಾರ್ಥಿನಿ ಹಾಗೂ ಅಡಿಗೆಯವ, ಎಲ್ಲ ನಾನೇ. ವಿದ್ಯಾರ್ಥಿನಿಯರ ಒಟ್ಟು ಸಂಖ್ಯೆ ಒಂದು. ಮೊದಲನೆಯ ವಿಷಯ ಮಂಚದ ಮೇಲೆ ಮಲಗುವುದು. ನಾವು ನಾಲ್ಕೂ ಜನ ಹುಟ್ಟಿದಾಗಿನಿಂದ ಚಾಪೆಯವರು. ಮಂಚಕ್ಕೆ ಅಂಚು ಇರುತ್ತದೆ ಎಂಬುದು ನಿದ್ದೆಯಲ್ಲಿರುವವರಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಬಂದರಿನಿಂದ ಸರಕಿನ ಕೆಳಗೆ ಹಾಸುವ ಎರಡು ಹಲಗೆ ತಂದ, ಇಟ್ಟಿಗೆಯ ಮೇಲೆ ಇಟ್ಟೆವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಗೀತಕ್ಕ ಮೂರು ಸಲ ಬಿದ್ದಳು, ಬುಧವಾರದ ಹೊತ್ತಿಗೆ ಒಂದು ಸಲ, ಈಗ ಬೀಳುವುದೇ ಇಲ್ಲ. ಅವ್ವ ಒಮ್ಮೆ ಪರೀಕ್ಷೆ ಮಾಡಲು ಹತ್ತಿ ಕೂತವಳು ಅಲ್ಲೇ ಗೊರಕೆ ಹೊಡೆದು, ವಿದ್ಯಾಲಯದ ಸಮಯ ವ್ಯರ್ಥ ಮಾಡಿದಳು. (ಈ ವಾಕ್ಯವನ್ನು ಅವ್ವನಿಗೆ ಓದಿ ಹೇಳುವಾಗ ಹಾರಿಸಲಾಗುವುದು.)

ಎರಡನೆಯದು ಮೆಸ್ಸಿನ ಊಟ. ಪಕ್ಕದ ಮನೆಯ ಜಯಶ್ರೀ ನರ್ಸಿಂಗ್ ಕಲಿಯುವಾಗ ಎರಡು ವರ್ಷ ಹಾಸ್ಟೆಲ್ಲಿನಲ್ಲಿ ಇದ್ದವಳು. ಮೆಸ್ಸಿನ ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಆಕೆಯೇ ಹೇಳಿದ್ದು. ಅದೇ ಪ್ರಕಾರ ನಾನು ಒಂದು ಹಿಡಿ ಬೇಳೆಗೆ ಒಂದು ಕೊಡ ನೀರು ಹಾಕಿ ಸಾರು ಕಾಯಿಸಿದೆ. ಗೀತಕ್ಕ ಕಣ್ಣು ಮುಚ್ಚಿ ನುಂಗಿದಳು. ಅಪ್ಪ ಮಾತ್ರ ಎರಡು ಸಲ ಹಾಕಿಸಿಕೊಂಡು, ಬಂದರಿನ ಕ್ಯಾಂಟೀನಿಗಿಂತ ಚಲೋ ಐತಿ ಅಂದ. ಅಂದಿನಿಂದ ಅಪ್ಪನ ಬಗ್ಗೆ ನನಗೆ ಸ್ವಲ್ಪ ಕನಿಕರ. ಮೂರನೆಯದು ರ‍್ಯಾಗಿಂಗ್. ನಾನು ಅವ್ವನ ಶಾಲು ಹೊದ್ದು, ಅಪ್ಪನ ಕನ್ನಡಕ ಏರಿಸಿ, ಬಾಗಿಲಲ್ಲಿ ನಿಂತು, ಏ ಹೊಸಬಳೇ, ಬಕೆಟ್ ತಲೆಯ ಮೇಲೆ ಇಟ್ಟುಕೊಂಡು ನಿನ್ನ ಹೆಸರು ಊರು ಹೇಳು ಎಂದು ಗದರಿಸಿದೆ. ಗೀತಕ್ಕ ಕೈ ಮುಗಿದು ಭಾಳ ವಿನಯದಿಂದ, "ಸೀನಿಯರ್ ಬಾಯೀರ, ನೀವು ಎಷ್ಟ್ ಸಲ ಫೇಲಾಗಿ ಸೀನಿಯರ್ ಆದ್ರಿ?" ಎಂದು ಕೇಳಿದಳು. ಆ ವಿಷಯದಲ್ಲಿ ಆಕೆಗೆ ನೂರಕ್ಕೆ ನೂರು ಕೊಟ್ಟು ಪಾಠ ನಿಲ್ಲಿಸಿದ್ದೇನೆ.

ಟ್ರಂಕಿಗೆ ಅಪ್ಪ ಹಡಗಿಗೆ ಬಳಿದು ಉಳಿದ ಬೂದು ಬಣ್ಣ ತಂದು ಹಚ್ಚಿದ. ಉಪ್ಪುನೀರಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ತುಕ್ಕು ಹಿಡಿಯುವುದಿಲ್ಲವಂತೆ, ಧಾರವಾಡದಲ್ಲಿ ಉಪ್ಪುನೀರು ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಹಡಗಿನ ಹಿಂಭಾಗದಲ್ಲಿ ಅದರ ಹೆಸರು, ಹೆಸರಿನ ಕೆಳಗೆ ಅದು ಯಾವ ಬಂದರಿನದು ಎಂದು ಬರೆದಿರುತ್ತಾರಲ್ಲ, ನಾನೂ ಹಾಗೆಯೇ ಗೀತಾಂಜಲಿ ಎಂದು ದೊಡ್ಡದಾಗಿ, ಕೆಳಗೆ ಮುರ್ಗಾಂವ್ ಎಂದು ಸಣ್ಣದಾಗಿ ಬಿಳಿ ಬಣ್ಣದಲ್ಲಿ ಬರೆದೆ. ಗೀತಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಅದನ್ನು ಒರೆಸಲಿಲ್ಲ. ಆರುವ ತನಕ ಮಳೆ ಹನಿ ಬೀಳದ ಹಾಗೆ ಟ್ರಂಕಿನ ಮೇಲೆ ಕೊಡೆ ಹಿಡಿದು ಕೂತಿದ್ದಳು.

ಇನ್ನು ಅವ್ವ. ಆಕೆ ಒಲೆಯ ಮುಂದೆ ಕೂತು ಒಂದು ವಾರದಿಂದ ಶೇಂಗಾ ಹುರಿಯುತ್ತಿದ್ದಾಳೆ, ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿಯುತ್ತಿದ್ದಾಳೆ. ಧಾರವಾಡದಲ್ಲಿ ರೊಟ್ಟಿ ಸಿಗುವುದಿಲ್ಲವೇನವ್ವಾ ಎಂದರೆ, ಸಿಗತಾವು, ನನ್ನ ಕೈಯಾವು ಸಿಗೂದಿಲ್ಲ ಅನ್ನುತ್ತಾಳೆ. ವಾರ್ಡನ್ನರ ಪತ್ರ ಬಂದ ದಿನ ಮಾತ್ರ ಒಲೆ ಹೊತ್ತಿಸಲಿಲ್ಲ. ಲಗ್ನದ ಮಾತೂ ಇಲ್ಲ ಎಂದು ನನ್ನ ತಮ್ಮ ಹೇಗೆ ಬರೆದುಕೊಟ್ಟಾನು, ಅವನು ಈ ಹುಡುಗಿಗಾಗಿ ತಾನಾಗಿ ಬಂದ ಎರಡು ಕನ್ಯಾ ಬಿಟ್ಟು ಕೂತಿದ್ದಾನೆ ಎಂದು ಕಣ್ಣೀರು ಹಾಕಿದಳು. ತೊಟ್ಟಿಲ ದಿನದ ಕಥೆ ಮತ್ತೊಮ್ಮೆ ಆಯಿತು. ಆಗ ನಿನಗೆ ಒಂಬತ್ತು ವರ್ಷವಂತೆ. ನಿನ್ನ ಉಡಿಯಲ್ಲಿ ಕೊಬ್ಬರಿ ಬಟ್ಟಲು, ಬೆಲ್ಲ ಹಾಕಿ, ಇವಳು ನಿನ್ನ ಹೆಂಡತಿ ಅಂದರಂತೆ. ನೀನು ಕೊಬ್ಬರಿ ಕಡಿಯುತ್ತಾ ಗೋಲಿ ಆಡಲು ಓಡಿದೆಯಂತೆ. ಹದಿನೆಂಟು ವರ್ಷವಾದರೂ ಅರಗದ ಕೊಬ್ಬರಿಯನ್ನು ನಾನು ಬೇರೆಲ್ಲೂ ಕೇಳಿಲ್ಲ. (ಇದನ್ನೂ ಹಾರಿಸಲಾಗುವುದು.) ಅಪ್ಪ ಮೂಲೆಯಲ್ಲಿ ಕೂತು, ಪಾಂಡಪ್ಪನ ಮುಂದೆ ನಾನೇ ಅಂದೆ, ನಂದೇ ತಪ್ಪು ಎಂದು ನಾಲ್ಕು ಸಲ ಹೇಳಿದ.

ಕೊನೆಗೆ ಅವ್ವನೇ ಉಪಾಯ ಹುಡುಕಿದಳು. "ಬರೇ ಹಾಳಿಮ್ಯಾಲ ಬರದ್ ಕೊಡ್ಲಿ. ಹಾಳಿ ಹಾಸ್ಟೆಲ್ಲಿನಾಗ ಇರತೈತಿ, ಮಾತು ನಮ್ಮ ನಡುವ ಇರತೈತಿ. ಎರಡ್ ವರ್ಷ ಓದಿ ಬರ್ಲಿ, ಆಮ್ಯಾಲ ಅಕ್ಷತಾ ಹಾಕೂಣು." ಅಪ್ಪ ಹೂಂ ಅಂದ. ಗೀತಕ್ಕ ಚಟ್ನಿ ಡಬ್ಬಿಗಳನ್ನು ಒಂದೊಂದಾಗಿ ಒರೆಸುತ್ತಾ ಕೂತಳು. ಎಂಟು ಡಬ್ಬಿ ಒರೆಸಿ, ಮತ್ತೆ ಮೊದಲನೆಯದರಿಂದ ಶುರು ಮಾಡಿದಳು. ಈ ಉಪಾಯವನ್ನು ನಿನಗೆ ತಿಳಿಸು, ಬೂತಿನ ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ ಎಂದು ಅವ್ವ ಅಪ್ಪಣೆ ಮಾಡಿದ್ದರಿಂದ ಈ ಪತ್ರ.

ಆದಕಾರಣ, ವಿದ್ಯಾಲಯದ ಗಾರ್ಡಿಯನ್ ವಿಭಾಗಕ್ಕೆ ನಿನ್ನನ್ನೂ ಸೇರಿಸಿಕೊಳ್ಳಲಾಗಿದೆ. ನೀನು ಹೊಸಬನೇನೂ ಅಲ್ಲ. ಸಡಾದಲ್ಲಿ ನಮ್ಮ ಜೊತೆ ಇದ್ದ ದಿನಗಳಲ್ಲಿ, ಅಪ್ಪ ಪಾಳಿಯಲ್ಲಿದ್ದಾಗ ಅಕ್ಕನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನೂ, ಮಾರ್ಕ್ಸ್ ಕಾರ್ಡಿಗೆ ಪಾಲಕರ ಸಹಿ ಎಂದು ಗೀಚಿದವನೂ ನೀನೇ. ಆದರೂ ಕೆಲವು ಸೂಚನೆಗಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳತಕ್ಕದ್ದು. ಉಗುರಿನೊಳಗಿನ ವಾರ್ನಿಷ್ ಸೀಮೆಎಣ್ಣೆಯಿಂದ ತೆಗೆದು, ಸೀಮೆಎಣ್ಣೆಯ ವಾಸನೆ ಸಾಬೂನಿನಿಂದ ತೆಗೆಯತಕ್ಕದ್ದು. ಮೇಡಮ್ಮರ ಆಫೀಸಿನ ಫ್ಯಾನು ಕಿರ್ ಅಂದರೂ ಸ್ಟೂಲ್ ಹತ್ತತಕ್ಕದ್ದಲ್ಲ. ಆಗಿನ ಒಂದು ಮಳೆಗಾಲದ ಮೊದಲ ದಿನ ಪಾಂಡಪ್ಪನ ಮಡಚಿದ ಕೊಡೆಯೊಳಗೆ ಅರಿಶಿನ ಸುರಿದಿಟ್ಟ ಮನುಷ್ಯ ನೀನೇ ಎಂಬುದು ನಿನ್ನ ಮುಖದ ಮೇಲೆ ಎಲ್ಲೂ ಕಾಣಬಾರದು. ನಾನು ಕಲಿತ ವಿದ್ಯೆಯೆಲ್ಲ ನಿನ್ನಿಂದಲೇ ಬಂದದ್ದು, ಅದಕ್ಕೆ ನಿನ್ನ ಬಗ್ಗೆ ನನಗೆ ಹೆದರಿಕೆ. ಹೋಗಿ ನಿಂತು, ಬರೆದುಕೊಟ್ಟು, ನಮಸ್ಕಾರ ಹೇಳಿ ಹೊರಗೆ ಬಾ. ಅಷ್ಟೇ ಕೆಲಸ.

ಅಪ್ಪ ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಅವ್ವನ ಆಶೀರ್ವಾದದ ಜೊತೆ ಒಂದು ಡಬ್ಬಿ ಶೇಂಗಾ ಚಟ್ನಿ ಹಿಂಡಿಯೂ ಬರುತ್ತದೆ, ಆದರೆ ಕಾಮಣಿಯವರು ಖಾರ ತಿನ್ನಬಾರದೆಂದು ಜಯಶ್ರೀ ಹೇಳಿದ್ದರಿಂದ ಅದನ್ನು ಮೂಸಿ ನೋಡಿ ಬದಿಗಿಡು. ಗೀತಕ್ಕ ಏನು ಬರೆಯಲಿ ಎಂದರೆ, ಮೈ ಹುಷಾರ್ ಅಂತ ಬರಿ ಅಂದಳು. ಬರೆದಿದ್ದೇನೆ.

ಇಂತು ನಿನ್ನ ಅಕ್ಕನ ಮಗನೂ, ಶಿಷ್ಯನೂ ಆದ
ಸೋಮು
(ಪ್ರಾಂಶುಪಾಲ, ವಾರ್ಡನ್, ಹಾಗೂ ಅಡಿಗೆಯವ)

ತಾ.ಕ.: ಮಾಮಾ, ಇದನ್ನು ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕವರು ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಮೇಲಿನದನ್ನು ಅವ್ವನಿಗೆ ಓದಿ ಹೇಳಿ ಬಂದೆ, ಇದನ್ನು ಆಕೆ ಕೇಳಿಲ್ಲ. ಬೆಳಿಗ್ಗೆ ನಳದ ಸರದಿಯಲ್ಲಿ ನಿಂತಾಗ ಗೀತಕ್ಕ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆಯುತ್ತೇನೆ. "ಸೋಮು, ನಾ ಮಾಮಾನ್ನ ಲಗ್ನ ಆಗೂದಿಲ್ಲ. ಅವ ಹಂಗ ಬರದ್ ಕೊಟ್ರ ಅದು ಖರೇ ಇರಬೇಕು. ಹಾಳಿಮ್ಯಾಲ ಒಂದು, ಮನಸಿನಾಗ ಒಂದು ಇಟ್ಕೊಂಡು ಕೊಡೂದಾದ್ರ ಆ ಸೀಟು ನನಗ ಬ್ಯಾಡ." ಆಮೇಲೆ ಕೊಡ ತುಂಬಿತು, ಆಕೆ ಎತ್ತಿಕೊಂಡು ಹೋದಳು. ಸುಳ್ಳು ಬರೆಯಬೇಡ ಎಂದು ನಾನು ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ. ನಿನಗೆ ಹೇಳುತ್ತಿದ್ದೇನೆ. ಬರೆಯುವುದಾದರೆ ಮನಸಾರೆ ಬರಿ, ಅವ್ವನಿಗೂ ಆ ಮಾತನ್ನು ನೀನೇ ಹೇಳು, ಆಕೆ ಬೇರೆ ಯಾರು ಹೇಳಿದರೂ ಕೇಳುವುದಿಲ್ಲ. ಎರಡು ಕನ್ಯಾ ಬಿಟ್ಟದ್ದು ಖರೇನೇ ಆಗಿದ್ದರೆ ನಿನಗೆ ಕಷ್ಟವಾಗುತ್ತದೆ ಅಂತ ನನಗೆ ಗೊತ್ತು. ಆಗುವುದೇ ಇಲ್ಲವೆಂದರೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಮುಖ ನೋಡಿ ಹೇಳಿಬಿಡು, ಆಕೆ ತಿರುಗಿ ಬರುತ್ತಾಳೆ, ನಿನ್ನ ಮೇಲೆ ಸಿಟ್ಟಾಗುವುದಿಲ್ಲ. ಸೋಮವಾರ ಹದಿನಾಲ್ಕಕ್ಕೆ ಬೆಳಗಿನ ಕದಂಬ ಬಸ್ಸಿಗೆ ಆಕೆ, ಅಪ್ಪ ಇಬ್ಬರೂ ಹೊರಡುತ್ತಾರೆ. ಟಿಕೀಟು ಬುಕ್ ಮಾಡಿದವನು ನಾನು. ಹೋಗುವುದಕ್ಕೆ ಎರಡು ಸೀಟು, ಬರುವುದಕ್ಕೆ ಅಪ್ಪನದೊಂದೇ.