ನಾನು ಹುಟ್ಟಿದ ವಾರ ಎರೆದ ಕಂಬಗಳು

ಅಪ್ಪಾ,

ಕಂಬಕ್ಕೆ ಕಿವಿ ಹಚ್ಚಿ ನಿಂತಿದ್ದ ನಿನ್ನನ್ನು ನೋಡಿ ಆವತ್ತು ನನಗೆ ನಾಚಿಕೆಯಾಗಿತ್ತು. ನೆಲೋಗಿ ಕಡೆಯ ಆ ಹಳ್ಳಿಯಲ್ಲಿ, ನೀನೇ ಕಟ್ಟಿಸಿದ ನೀರಿನ ಟಾಕಿಯ ಕೆಳಗೆ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಕಂಬ ಬಡಿದು ನೋಡುತ್ತಿದ್ದೆ. ಎಂಬತ್ತೆರಡು ವರ್ಷದ ನಿವೃತ್ತ ಎಂಜಿನಿಯರ್. ಪಕ್ಕದ ಅಂಗನವಾಡಿಯ ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಿದ್ದವು. "ಕೇಳಿಲ್ಲಿ, ಒಳಗ ಪೊಳ್ಳ ಆಗೇದ," ಅಂದೆ. ನನಗೆ ಬರೀ ಟಕ್ ಟಕ್ ಕೇಳಿಸಿತು. ಅಪ್ಪನಿಗೆ ವಯಸ್ಸಾಯಿತು ಅಂದುಕೊಂಡೆ.

ನೌಕರಿಯಲ್ಲಿದ್ದಾಗ ನೀನು ಎಷ್ಟೇ ದೂರದ ಹಳ್ಳಕ್ಕೆ ಸೇತುವೆ ಹಾಕುತ್ತಿದ್ದರೂ ಶನಿವಾರ ಸಂಜೆ ಜೇವರ್ಗಿಯಲ್ಲಿ ಬಸ್ಸಿಳಿಯುತ್ತಿದ್ದೆ. ಸಿಮೆಂಟು ಮೆತ್ತಿದ ಬೂಟು ಅಂಗಳದಲ್ಲೇ ಕಳಚಿ, ನಮ್ಮ ಮೂವರ ಗಣಿತದ ನೋಟುಪುಸ್ತಕ ತೆರೆದು ಕೂಡುತ್ತಿದ್ದೆ. ಉತ್ತರ ಸರಿಯಿದ್ದರೂ ನಡುವೆ ಒಂದು ಹೆಜ್ಜೆ ಬಿಟ್ಟಿದ್ದರೆ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದೆ. ಅವ್ವ ಹಾಸಿಗೆ ಹಿಡಿದ ಎರಡು ವರ್ಷ ನೀನೇ ರೊಟ್ಟಿ ಬಡಿದೆ. ನಿನ್ನ ಮೊದಲ ರೊಟ್ಟಿ ಹರಿದಾಗ ಅವಳು ನಕ್ಕ ನಗು... ಅಂಥ ನಗು ಆಮೇಲೆ ನಾವು ಕೇಳಲಿಲ್ಲ.

ಕಂಬ ಬಡಿದು ನೋಡಿದ ಮುಂದಿನ ವಾರ ನೀನು ಇಮಾಮಸಾಬನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ಟಾಕಿ ಕಟ್ಟಿದ ಗೌಂಡಿ, ಆಗ ಹೊಸದಾಗಿ ಮದುವೆಯಾಗಿದ್ದವನು, ಈಗ ಬಿಳಿ ಗಡ್ಡದ ಅಜ್ಜ. ಅವನು ಸಿಮೆಂಟು ಕಲಸಿದ, ನೀನು ಕಂಬದ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದೆ. "ಬಿರುಕು ಬೆಳದರ ಗಾಜು ಸೀಳತದ," ಎಂದು ನನಗೆ ವಿವರಿಸಿದೆ. ಇಪ್ಪತ್ತು ದಿನಕ್ಕೆ ಸೀಳಿತು.

ನೀನು ಅರ್ಜಿ ಬರೆದೆ, ಕಚೇರಿಗೆ ಅಲೆದೆ. ತಾನೇ ಕಟ್ಟಿಸಿದ್ದನ್ನು ತಾನೇ ಕೆಡವಿರಿ ಅನ್ನುವ ಮುದುಕನಿಗೆ ಚಹಾ ಕುಡಿಸಿ ಕಳಿಸಿದರು. ನಾನು ಕೂಡ ಬೇರೇನು ಮಾಡಿದೆ? "ಅಪ್ಪಾ, ಮನ್ಯಾಗ ಆರಾಮ ಇರಬಾರದೇನು?" ಅಂದೆ.

ಆಸ್ಪತ್ರೆಯಲ್ಲಿ, ಉಸಿರು ಸಾಲದಿದ್ದಾಗಲೂ, ನನ್ನ ಕೈ ಹಿಡಿದು ಎಲ್ಲ ಹೇಳಿದೆ. "ಕಂಬ ಎರಿಯೋ ದಿನ ನಾ ಅಲ್ಲಿ ಇರಲಿಲ್ಲ ಬೇ. ಕೂಸು ಅಡ್ಡ ಆಗೇದ ಅಂತ ಆಳಂದದಿಂದ ಸುದ್ದಿ ಬಂತು, ನಿಮ್ಮವ್ವನ ತವರಿಗೆ ಓಡಿದೆ. ಐದು ದಿನ ಬಿಟ್ಟು ಬಂದು ನೋಡಿದರ ಕಂಬಕ್ಕ ಒಂದು ಹನಿ ನೀರು ಹೊಡದಿಲ್ಲ. ನೀರು ಹೊಡೀದಿದ್ದರ ಕಾಂಕ್ರೀಟು ಗಟ್ಟಿ ಆಗಂಗಿಲ್ಲ. ಕುಡೀಲಾಕ ನೀರಿಲ್ಲ, ಕಂಬಕ್ಕ ಎಲ್ಲಿಂದ ತರೂನ್ರಿ ಅಂದರು. ಒಡಸಬೇಕಿತ್ತು. ಹೆಣ್ಣಮಕ್ಕಳು ಕೊಡ ಹೊತ್ತು ಎರಡು ಮೈಲಿ ನಡೀತಿದ್ದರು. ಕಂಬ ಸರಿ ಅದಾವ ಅಂತ ಸಹಿ ಮಾಡಿದೆ."

ಆ ಕೂಸು ನಾನು. ನೀನು ಆಳಂದಕ್ಕೆ ಬರದಿದ್ದರೆ ಅವ್ವ, ನಾನು... ಇಷ್ಟು ವರ್ಷ ನನ್ನ ಪ್ರತಿ ಹುಟ್ಟುಹಬ್ಬಕ್ಕೂ ನಿನಗೆ ಆ ಕಂಬಗಳು ನೆನಪಾಗುತ್ತಿದ್ದವೇ?

ನಿನ್ನ ತಿಂಗಳ ಕಾರ್ಯ ಮುಗಿಸಿ ನಾನು ಆ ಹಳ್ಳಿಗೆ ಹೋದೆ. ಇಮಾಮಸಾಬ ಹೊಸ ಗಾಜು ಅಂಟಿಸಿದ. ಈ ಸಲ ಆರೇ ದಿನಕ್ಕೆ ಸೀಳಿತು. ಪಂಚಾಯತಿಯ ಮೆಂಬರೊಬ್ಬರು, "ಸಾಹೇಬರು ಹೋದರು, ಅವರ ಚಿಂತಿನೂ ಹೋಗಲಿ ಬಿಡ್ರಿ," ಅಂದರು. ಅಂಗನವಾಡಿಯ ಶಾಂತಾಬಾಯಿ ಮಾತ್ರ ಗಾಜನ್ನು ಮುಟ್ಟಿ ನೋಡಿದಳು. "ಕೀಲಿ ನನ್ನ ಕೈಯಾಗ ಅದರಿ. ನಾಳಿಂದ ಇಲ್ಲಿ ಬಾಗಿಲಾ ತೆರಿಯಂಗಿಲ್ಲ," ಅಂದಳು. ಮಕ್ಕಳನ್ನು ಇಮಾಮಸಾಬನ ಪಡಸಾಲೆಯಲ್ಲಿ ಕೂಡಿಸಿದಳು. ಮೇಲಿನವರು ನೋಟೀಸು ಕೊಟ್ಟರೂ ಹಿಂದಕ್ಕೆ ಹೋಗಲಿಲ್ಲ.

ಮೂರನೆಯ ವಾರ, ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಫೋನು ಬಂತು. "ಬಿತ್ತು ಯವ್ವಾ," ಅಂದ ಇಮಾಮಸಾಬ. ನಾನು ಹಳ್ಳಿಗೆ ಓಡಿದೆ. ತುಂಬಿದ ಟಾಕಿ ಒಂದೇ ಸಲಕ್ಕೆ ಕುಳಿತುಬಿಟ್ಟಿತ್ತು. ಅಂಗನವಾಡಿಯ ಸೂರು ನೆಲಕ್ಕೆ ಹತ್ತಿಹೋಗಿತ್ತು. ನೀರಿನಲ್ಲಿ ಮಕ್ಕಳ ತಟ್ಟೆಗಳು ತೇಲುತ್ತಿದ್ದವು. ಯಾರಿಗೂ ಏನೂ ಆಗಿಲ್ಲ, ಅಪ್ಪಾ. ಯಾರೂ ಸಾಯಲಿಲ್ಲ. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ.

ಸುದ್ದಿ ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಇಮಾಮಸಾಬ ಮುರಿದ ಕಂಬವನ್ನು ನೋಡುತ್ತ, "ಇದನ್ನ ಎರೆದ ವಾರನೇ ಅಫಜಲಪುರ ಕಡೀನೂ ಒಂದು ಟಾಕಿ ಕಂಬ ಹಾಕಿದ್ವಿ. ಅಲ್ಲೂ ನೀರು ಹೊಡದಿಲ್ಲ. ಸಾಹೇಬರು ನಿಮಗ ಹೇಳಿಲ್ಲೇನು?" ಅಂದ. ಇಲ್ಲ, ನೀನು ಹೇಳಲಿಲ್ಲ. ಮರೆತಿದ್ದೆಯಾ? ಉಸಿರು ಸಾಲಲಿಲ್ಲವಾ? ಅಥವಾ...

ನಿನ್ನೆ ಅಫಜಲಪುರ ಕಡೆಯ ಆ ಊರಿಗೆ ಹೋಗಿದ್ದೆ. ಟಾಕಿಯ ನೆರಳಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಕಂಬದ ಮೇಲೆ ತುಕ್ಕಿನ ಕಲೆ ಉದ್ದಕ್ಕೆ ಇಳಿದಿದೆ. ನಾನು ನಿನ್ನ ಮಗಳೆಂದು ತಿಳಿದು ಅಲ್ಲಿನ ಹಿರಿಯರೊಬ್ಬರು ಕೈಮುಗಿದರು. "ಅವರು ಕಟ್ಟಿಸಿದ್ದು ಅಂದಮ್ಯಾಲ ನಮಗ ಯಾವ ಅಂಜಿಕಿ ಇಲ್ಲರಿ," ಅಂದರು.

ನಾಳೆ ಅಲ್ಲಿ ಗ್ರಾಮಸಭೆ. ನಿನ್ನ ಸಹಿಯ ವಿಷಯ ಎಲ್ಲರೆದುರು ಹೇಳಲಿದ್ದೇನೆ. ನಿನ್ನ ಹೆಸರಿಗಿರುವ ಆ ನಂಬಿಕೆಯನ್ನು ಮುರಿಯದೆ ಅವರನ್ನು ಅಲ್ಲಿಂದ ಎಬ್ಬಿಸಲಾಗದು. ತಮ್ಮಂದಿರಿಬ್ಬರೂ ಬೇಡ ಅನ್ನುತ್ತಿದ್ದಾರೆ. ನೀನಿದ್ದಿದ್ದರೆ ನೀನೇ ಹೇಳುತ್ತಿದ್ದೆ ಎಂದು ನಂಬಿಕೊಂಡಿದ್ದೇನೆ. ಟಾಕಿ ಈ ಹೊತ್ತಿಗೂ ತುಂಬಿಯೇ ಇದೆ.

ನಿನ್ನ ಮಗಳು