ಈಶಾನ್ಯದ ಕಂಬ

ಹುಣಸೂರು
14 ನವೆಂಬರ್ 2025

ಪ್ರೀತಿಯ ಪವಿತ್ರ,

ಮಿರ್ಲೆಯಲ್ಲಿ ಅತ್ತೆಯವರ ಮಂಡಿನೋವು ಈಗ ಹೇಗಿದೆ? ಫೋನಿನಲ್ಲಾದರೆ ನಡುವೆ ಏನಾದರೂ ತಮಾಷೆ ಮಾಡಿ ಕೆಡಿಸುತ್ತೇನೆ, ಅದಕ್ಕೇ ಕಾಗದ.

ನಮ್ಮ ಕಟ್ಟಡದ ಮಹಡಿಗೆ ಶಿಶುವಿಹಾರ ಬರಲಿದೆ. ಮಕ್ಕಳು ಕೂರುವ ಜಾಗ, ಭೂಕಂಪಕ್ಕೆ ತಡೆಯುತ್ತದೋ ಇಲ್ಲವೋ ನೋಡಿಸಿ ಎಂದು ಶಿಶುವಿಹಾರದವರು ಹೇಳಿದ್ದಕ್ಕೆ ಮೈಸೂರಿನಿಂದ ಫರ್ಹಾನಾ ಎಂಬ ಇಂಜಿನಿಯರ್ ಬಂದಿದ್ದರು. ಕೊಟ್ಟ ಟೀ ಆರಿಹೋದರೂ ಕೆಲಸ ಬಿಟ್ಟು ಏಳುವವರಲ್ಲ, ನಿನ್ನ ಹಾಗೆಯೇ. ಮೊದಲು ನಕ್ಷೆ ಕೇಳಿದರು. ಆಮೇಲೆ ಒಂದು ಸ್ಪ್ರಿಂಗ್ ಸುತ್ತಿಗೆಯನ್ನು ಕೆಳಗಿನ ಹನ್ನೆರಡು ಕಂಬಕ್ಕೂ ಒತ್ತಿ, ಎಷ್ಟು ಪುಟಿಯಿತು ಎಂದು ಬರೆದುಕೊಂಡರು. ಕಾಂಕ್ರೀಟು ಗಟ್ಟಿಯಿದೆ ಎಂದಾಗ ಮೀಸೆ ತಿರುವಿದೆ. ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯಂಥ ಯಂತ್ರವೊಂದನ್ನು ಕಂಬದ ಮೈಮೇಲೆ ಆಡಿಸತೊಡಗಿದರು. ಒಳಗಿನ ಕಬ್ಬಿಣ ಅದಕ್ಕೆ ಕಾಣುತ್ತದಂತೆ. ಮೀಸೆ ಇಳಿಯಿತು.

ಕಂಬದ ತಲೆಯಲ್ಲೂ ಬುಡದಲ್ಲೂ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ನಾಲ್ಕು ಇಂಚಿಗೊಂದು ಇರಬೇಕು, ನೆಲ ಅಲುಗಿದರೆ ಕಂಬ ಮುರಿಯುವುದೇ ಅಲ್ಲಿ ಎಂದು ಕಟ್ಟಡ ಏಳುವಾಗಲೇ ನೀನು ಹೇಳಿದ್ದೆ, ನೀನೂ ಇಂಜಿನಿಯರಲ್ಲವೇ. ಗಾರೆಯವರ ಮುಂದೆ ನಾನು, "ಭೂಕಂಪ ಆಗಕ್ಕೆ ಹುಣಸೂರೇನು ಗುಜರಾತಾ ಕಣಮ್ಮಿ?" ಎಂದೆ. ಎಲ್ಲರೂ ನಕ್ಕರು. ನೀನು ಈಶಾನ್ಯದ ಕಂಬದ ಹತ್ತಿರ ಕೂತು, ಸಂಜೆಯವರೆಗೆ ನಿನ್ನ ಕೈಯಾರೆ ರಿಂಗು ಕಟ್ಟಿದೆ. ಮಿಕ್ಕದ್ದನ್ನೂ ಹಾಗೇ ಕಟ್ಟಿಸುತ್ತೇನೆಂದು ಮಾತು ಕೊಟ್ಟೆ. ನೀನು ಅತ್ತ ಹೋದದ್ದೇ ತಡ, ಎಂಟು ಇಂಚಿಗೊಂದು ಕಟ್ಟಿಸಿದೆ. ಅದು ಗೊತ್ತಾದ ದಿನ ನೀನು ಬ್ಯಾಗು ತುಂಬಿಕೊಂಡೆ. ಅವಳಿಗೆ ಹಠ, ಅಷ್ಟಕ್ಕೇ ಹೋದಳು ಎಂದು ಮೂರು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದೆ.

ಹನ್ನೊಂದು ಕಂಬ ಸಾಲದು, ಈಶಾನ್ಯದ್ದೊಂದು ಮಾತ್ರ ಸರಿಯಿದೆ, ಯಾರು ಕಟ್ಟಿದ್ದು ಎಂದು ಫರ್ಹಾನಾ ಕೇಳಿದರು. "ನನ್ನ ಹೆಂಡತಿ" ಎಂದೆ. ಮೂರು ವರ್ಷ ಬರೀ 'ಅವಳು' ಎನ್ನುತ್ತಿದ್ದ ಬಾಯಲ್ಲಿ ಆ ಮಾತು ಬಂದದ್ದು ಅವತ್ತೇ. ಕಬ್ಬಿಣ ಕಟ್ಟುವ ಸಣ್ಣಬೀರಯ್ಯ ಬಿಡಬೇಕಲ್ಲ: "ಅಕ್ಕ ಆವತ್ತೇ ಯೋಳ್ತು ಕಣಣ್ಣೋ. ನೀನು ಅಲ್ಲು ಕಿರಿದೆ. ಈಗ ಕಿರಿ ನೋಡಾನ!"

ಈಗ ಹಳೆಯ ಕಂಬಗಳ ಸುತ್ತ ಹೊಸ ಕಬ್ಬಿಣ ಕಟ್ಟಿ, ಮೇಲೆ ಕಾಂಕ್ರೀಟು ಹಾಕುತ್ತಿದ್ದೇವೆ. ಹತ್ತು ಮುಗಿದಿವೆ. ಹನ್ನೊಂದನೆಯದರ ರಿಂಗು ಕಟ್ಟಿ ಆಗಿದೆ. ಇಂಜಿನಿಯರೊಬ್ಬರು ಟೇಪು ಹಿಡಿದು ಸರಿ ಎನ್ನದೆ ಮುಚ್ಚುವಂತಿಲ್ಲ. ಭಾನುವಾರ ಬಂದು ನೋಡುತ್ತೀಯಾ? ಬೇಕಾದರೆ ಮುಂದಿನ ಬಸ್ಸಿಗೇ ಹಿಂದಿರುಗು. ಸಿಮೆಂಟೂ ಇನ್ನೂ ಬಂದಿಲ್ಲ, ಆತುರವಿಲ್ಲ.

ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ನಿನ್ನ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಆವತ್ತು ತಂತಿ ನಿನ್ನ ಹೆಬ್ಬೆರಳು ಕುಯ್ದಿತ್ತು. ಗುರುತು ಉಳಿದಿದೆಯೇ? ಕೇಳಲೇ ಇಲ್ಲ ನಾನು.

ನಿನ್ನ
ನಟರಾಜು

ಲಕೋಟೆ ಅಂಟಿಸುವ ಮುಂಚೆ ಇದೊಂದು: ಫರ್ಹಾನಾ ಆ ಹನ್ನೊಂದನೇ ಕಂಬಕ್ಕೂ ಟೇಪು ಹಿಡಿದು ಸಹಿ ಹಾಕಿ ಎಂಟು ದಿನವಾಯಿತು. ಸಿಮೆಂಟು ಅದಕ್ಕೂ ಮೊದಲೇ ಬಂದು ಮೆಟ್ಟಿಲ ಕೆಳಗಿದೆ. ಕೆಲಸ ಯಾಕೆ ನಿಂತಿದೆ ಎಂದು ಕೇಳಿದವರಿಗೆಲ್ಲ, ಇಂಜಿನಿಯರ್ ಬರಬೇಕು ಎನ್ನುತ್ತಿದ್ದೇನೆ. ಅದು ಮಾತ್ರ ಸುಳ್ಳಲ್ಲ.