ಆರಿಸುವುದನ್ನು ಮರೆತವರ ಊರಿನಿಂದ

ವಿಜಯಪುರ, ನೆರಳಿನ ಶಕೆ ನೂರಾ ಹನ್ನೆರಡು, ಹದಿಮೂರನೆಯ ತಿಂಗಳ ಮೂವತ್ತೈದನೆಯ ದಿನ.

ಪಿಯುಸಿ ಮುಗಿಸಿ, ಪದವಿಗೆ ಅರ್ಥಶಾಸ್ತ್ರವೋ ಮನಃಶಾಸ್ತ್ರವೋ ಎಂದು ತಲೆ ಕೆರೆದುಕೊಳ್ಳುತ್ತಿರುವ ನಿಮಗೂ, ಸುತ್ತ ಕೂತು ಸಲಹೆ ಕೊಡುತ್ತಿರುವ ನಿಮ್ಮ ಮನೆಮಂದಿಗೂ ಬಂಗಾರೆವ್ವನ ಶರಣು. ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಕೆಲವು ಶಬ್ದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಈ ಇಳಿವಯಸ್ಸಿನಲ್ಲಿ, ಅದೂ ಮೊಮ್ಮಗಳು ನಿಂಬೆವ್ವನ ಸಲುವಾಗಿ. ಹಳೆಯ ಹೆಸರುಗಳೆಲ್ಲ ನಮ್ಮಲ್ಲಿ ಮತ್ತೆ ಬಂದಿವೆ.

ನಮ್ಮ ಊರಿನ ಬೀದಿಗಳ ಮೇಲೆಲ್ಲ ನೆರಳುಹಾಸು ಇದೆ. ಅಂದರೆ, ಮನೆಯಿಂದ ಮನೆಗೆ ಎಳೆದು ಕಟ್ಟಿದ ದಪ್ಪ ನೇಯ್ಗೆ. ಅದಿಲ್ಲದೆ ಇಲ್ಲಿ ಯಾರೂ ಬೇಸಿಗೆ ಕಳೆಯಲಾರರು. ಕಾಲೇಜು ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲು ಬಿಡುತ್ತದೆ. ಮಧ್ಯಾಹ್ನ ಎಲ್ಲರೂ ನೆಲದಡಿಯ ತಂಪುಮನೆಗಳಲ್ಲಿ ಮಲಗುತ್ತೇವೆ. ಜೋಳದ ರೊಟ್ಟಿ ಮಾತ್ರ ಹಾಗೇ ಉಳಿದಿದೆ. ಅದನ್ನು ಬಡಿಯಲು ಯಂತ್ರ ತಂದವರೆಲ್ಲ ಸೋತು ಹೋದರು.

ಮಗುವಿಗೆ ಹನ್ನೆರಡು ತುಂಬಿದಾಗ ನಮ್ಮಲ್ಲಿ ಒಲವುತೂಕ ಎಂಬ ಶಾಸ್ತ್ರ ನಡೆಯುತ್ತಿತ್ತು. ಬಗೆಬಗೆಯ ಸಾಮಾನು ತುಂಬಿದ ಕೋಣೆಯಲ್ಲಿ ಮಗುವನ್ನು ಬಿಡುವುದು. ಕಣ್ಣು ಎಲ್ಲಿ ನಿಂತಿತು, ನಾಡಿ ಎಲ್ಲಿ ಜಿಗಿಯಿತು ಎಂದು ಯಂತ್ರವೊಂದು ನೋಡುವುದು. ಸಂಜೆಗೆ ಇವಳ ಓದು ಇದು, ಕೆಲಸ ಇದು ಎಂದು ಹೇಳಿಬಿಡುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನನ್ನನ್ನು ಅದು ನೆರಳುಹಾಸಿನ ನೇಯ್ಗೆಗೆ ಕಳಿಸಿತು, ಜೀವಮಾನವಿಡೀ ನೇಯ್ದೆ. ಇಷ್ಟವಿತ್ತೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನಾಲ್ಕು ತಲೆಮಾರು ಹೀಗೆ ಸುಖವಾಗಿಯೇ ಕಳೆಯಿತು. ಆ ದಿನಗಳಲ್ಲಿ ನಮ್ಮ ಕಾಲೇಜಿನ ಎರಡು ವಿಭಾಗಗಳು ಯಾರ ಆಜ್ಞೆಯೂ ಇಲ್ಲದೆ ತಾವಾಗಿಯೇ ಮುಚ್ಚಿದವು. ಕೈಯಲ್ಲಿರುವುದು ಕಡಿಮೆ ಇದ್ದಾಗ ಏನು ಹಿಡಿಯುವುದು, ಏನು ಬಿಡುವುದು ಎಂದು ಅರ್ಥಶಾಸ್ತ್ರ ಕೇಳುತ್ತಿತ್ತು. ಮನಸ್ಸು ಅದನ್ನು ಬಿಟ್ಟು ಇದಕ್ಕೇ ಏಕೆ ಹೋಯಿತು ಎಂದು ಮನಃಶಾಸ್ತ್ರ ಕೇಳುತ್ತಿತ್ತು. ಯಾರೂ ಏನನ್ನೂ ಹಿಡಿಯದ, ಬಿಡದ ಊರಿನಲ್ಲಿ ಆ ಎರಡಕ್ಕೂ ಏನು ಕೆಲಸ? ಆ ಕೋಣೆಗಳಲ್ಲಿ ಹಾಸಿನ ಸುರುಳಿಗಳನ್ನು ತುಂಬಿಟ್ಟರು.

ಮೂರು ವರ್ಷದ ಹಿಂದೆ ಯಂತ್ರಕ್ಕೆ ಏನಾಯಿತೋ, ಆ ವರ್ಷ ತೂಗಿದ ಊರಿನ ಅಷ್ಟೂ ಮಕ್ಕಳನ್ನು ಹಲ್ಲಿನ ವೈದ್ಯಶಾಸ್ತ್ರ ಓದಲು ಕಳಿಸಿತು. ಅಷ್ಟು ವೈದ್ಯರಿಗೆ ಸಾಲುವಷ್ಟು ಹಲ್ಲೇ ನಮ್ಮೂರಲ್ಲಿಲ್ಲ. ಜನ ಸಿಟ್ಟಿಗೆದ್ದು ತೂಕ ನಿಲ್ಲಿಸಿದರು. ಇನ್ನು ಮಕ್ಕಳೇ ಆರಿಸಲಿ ಎಂದರು. ಆರಿಸುವುದು ಹೇಗೆಂದು ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಹಾಗಾಗಿ ಮೊದಲು ತೆರೆದದ್ದು ಆ ಎರಡು ಕೋಣೆಗಳನ್ನೇ. ನಿಂಬೆವ್ವ ಅಲ್ಲಿಯ ಮೊದಲ ತಂಡದವಳು. ಎರಡರಲ್ಲೂ ಜಾಣೆ. ಒಂದು ವರ್ಷ ಎರಡನ್ನೂ ಓದಿ, ಈ ತಿಂಗಳೊಳಗೆ ಒಂದನ್ನು ಆರಿಸಿ ಬರೆದುಕೊಡಬೇಕು. ಕೊಡದವರು ಮತ್ತೆ ತೂಕಕ್ಕೆ ಹೋಗಬೇಕು. ಯಂತ್ರವನ್ನು ರಿಪೇರಿ ಮಾಡಿಟ್ಟಿದ್ದಾರೆ.

ಹುಡುಗಿ ಊಟ ಬಿಟ್ಟಳು. ಒಂದು ದಿನ ಬಂದು, "ಆಯಿ, ನನ್ನ ತೂಕಕ್ಕ ಹಾಕಿಬಿಡು. ಅದು ಹೇಳಿದ್ದು ಓದ್ತೀನಿ," ಎಂದಳು. ಆಯಿ ಎಂದರೆ ಅಜ್ಜಿ. ನನಗೆ ನಿಜವಾಗಿ ಭಯವಾಯಿತು. ಇವಳೂ ನನ್ನ ಹಾಗೆ, ಇಷ್ಟವಿತ್ತೇ ಎಂದು ತಿಳಿಯದೆ ಮುದುಕಿಯಾಗುತ್ತಾಳೆ ಅನ್ನಿಸಿತು.

ಆಗ ನಾನು ಧ್ವನಿಗೂಡಿಗೆ ಹೋದೆ. ಹಳೆಯ ಕಾಲದ ಮನೆಗಳ ಮಾತುಕತೆಯನ್ನು ಧ್ವನಿಯಾಗಿ ಕಾದಿಟ್ಟ ಜಾಗ ಅದು. ನೀವು ಆರಿಸುವ ಪರಿಯನ್ನು ಕಿವಿಯಾರೆ ಕೇಳಿದೆ. ಹೇಳಲು ಸಂಕೋಚವಾಗುತ್ತದೆ, ಆದರೆ ಅಷ್ಟು ಅಡ್ಡಾದಿಡ್ಡಿ ಕೆಲಸವನ್ನು ನಾನು ಕಂಡಿರಲಿಲ್ಲ. ಒಬ್ಬಳು ಗೆಳತಿ ಹೋದ ಕಡೆ ಹೋಗುತ್ತಾಳೆ. ಒಬ್ಬನು ಗಣಿತಕ್ಕೆ ಹೆದರಿ ಓಡುತ್ತಾನೆ. ಇನ್ನೊಬ್ಬನು ನಾಣ್ಯ ಚಿಮ್ಮಿ, ಬಿದ್ದದ್ದು ಹಿಡಿಸದೆ ಮತ್ತೊಮ್ಮೆ ಚಿಮ್ಮುತ್ತಾನೆ. ಎಲ್ಲ ಮನೆಯಲ್ಲೂ ಒಬ್ಬ ಮಾವ ಇದ್ದೇ ಇರುತ್ತಾನೆ, ಅವನಿಗೆ ಎಲ್ಲವೂ ಗೊತ್ತಿರುತ್ತದೆ.

ಬೇರೆ ದಾರಿ ಕಾಣದೆ ನೀವು ಮಾಡುವುದನ್ನೇ ನಾನೂ ಮಾಡಿದೆ. ನೆಂಟರನ್ನೂ ನೆರೆಯವರನ್ನೂ ಚಹಾಕ್ಕೆ ಕರೆದೆ. ಜನ್ಮದಲ್ಲಿ ಸಲಹೆ ಕೊಟ್ಟವರಲ್ಲ, ರುಚಿ ಹತ್ತಿಬಿಟ್ಟಿತು. ಅವಳ ಸೋದರಮಾವ ಈರಪ್ಪ, "ರೊಕ್ಕ ತಿಳಿದ್ರ ಮಂದಿ ತಾವ ತಿಳೀತಾರ, ಅರ್ಥಶಾಸ್ತ್ರ ತಗೋ," ಎಂದ. ಪಕ್ಕದ ಮನೆಯ ಹಸೀನಾಬಿ ಬಿಡಲಿಲ್ಲ: "ಮಂದಿ ತಿಳಿದ್ರ ರೊಕ್ಕ ತಾನ ಬರ್ತದ." ಮೂರು ಸಂಜೆ ಇದೇ ಜಗಳ. ಕೊನೆಗೆ ನಿಂಬೆವ್ವ ಎದ್ದು, "ಓದಾಕಿ ನಾನೋ ನೀವೋ?" ಎಂದು ಗದರಿ ಹೊರಗೆ ಹೋದಳು. ಮನಃಶಾಸ್ತ್ರ ಎಂದು ಬರೆದುಕೊಟ್ಟು ಬಂದಳು. ಯಾಕೆ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆದರೆ ಇಂದು ಬೆಳಿಗ್ಗೆ ಅವಳು ಮೆಲ್ಲಗೆ, "ಆಯಿ, ತಪ್ಪು ಆಗಿದ್ರ?" ಎಂದು ಕೇಳಿದಳು. ಈ ಮನೆಯಲ್ಲಿ ಆ ಮಾತನ್ನು ಯಾರೂ ಕೇಳಿದ್ದಿಲ್ಲ. ತಪ್ಪಿದರೆ ಯಂತ್ರ ತಪ್ಪುತ್ತಿತ್ತು, ನಾವು ಅದನ್ನು ಬೈದು ಮಲಗುತ್ತಿದ್ದೆವು. ಅದಕ್ಕೆ ಉತ್ತರ ಸಿಗಬಹುದೆಂದು ಧ್ವನಿಗೂಡಿನಲ್ಲಿ ಮತ್ತೆ ಹುಡುಕಿದೆ. ಆರಿಸುವ ಮುಂಚಿನ ಗದ್ದಲ ಬೇಕಾದಷ್ಟಿದೆ, ಆಮೇಲಿನದನ್ನು ನೀವು ಉಳಿಸಿಯೇ ಇಲ್ಲ.

ಅದಕ್ಕೇ ಈ ಪತ್ರ. ಯಾವುದನ್ನು ಓದಬೇಕೆಂದು ನಾನು ನಿಮಗೆ ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ನನ್ನದು ಒಂದು ಕೋರಿಕೆ. ನೀವು ಉತ್ತರವನ್ನು ಎಲ್ಲಿಯಾದರೂ ಬರೆದಿಟ್ಟರೆ ಸಾಕು, ನಾವು ನಿಮ್ಮ ಮುಂದಿನ ಕಾಲದಲ್ಲಿ ಇದ್ದೇವೆ, ನಮಗೆ ಸಿಗುತ್ತದೆ. ನಿಮ್ಮಲ್ಲಿ ಆರಿಸಿ ತಪ್ಪಿದವರು ಬಹಳ ಮಂದಿ ಇರಬೇಕು. ಅಂಥವರು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಾಗ, ಅವರನ್ನು ಊಟಕ್ಕೆ ಏನೆಂದು ಕರೆಯುತ್ತೀರಿ?

ಬಂಗಾರೆವ್ವ